ರೋತ್ ನೋಡೋದಾ, ಕೋನಾ ನೋಡೋದಾ?

ಎರಡೂ ಈಜು, ಸೈಕಲ್, ಓಟ ಒಂದರ ಹಿಂದೊಂದು ಬರೋ ಟ್ರಯಥ್ಲಾನ್ ಸ್ಪರ್ಧೆಗಳು. ದೂರ ಎರಡರಲ್ಲೂ ಒಂದೇ: 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, ಆಮೇಲೆ 42.2 ಕಿ.ಮೀ. ಓಟ. ಆಟ ಮಾತ್ರ ಬೇರೆ ಬೇರೆ.

ವೇಗ ಬೇಕು ಅಂದ್ರೆ ಜರ್ಮನಿಯ ರೋತ್. ಕಾಲುವೆಯ ಶಾಂತ ನೀರು, ಒಳ್ಳೆ ರಸ್ತೆ. 2024ರಲ್ಲಿ ಮ್ಯಾಗ್ನಸ್ ಡಿಟ್ಲೆವ್ ಇಲ್ಲಿ 7 ಗಂಟೆ 23 ನಿಮಿಷ 24 ಸೆಕೆಂಡಿನಲ್ಲಿ (7:23:24) ಮುಗಿಸಿದರು, ಮಹಿಳೆಯರಲ್ಲಿ ಆನ್ನೆ ಹೌಗ್ 8:02:38ರಲ್ಲಿ. ಸೋಲಾರರ್ ಬೆರ್ಗ್ ಏರಿನಲ್ಲಿ ಜನ ಎಷ್ಟು ಮುತ್ತಿಕೊಳ್ತಾರೆ ಅಂದ್ರೆ, ಸೈಕಲ್‌ಗೆ ಉಳಿಯೋದು ಸಣ್ಣ ಓಣಿಯಷ್ಟು ಜಾಗ.

ಹವಾಯಿಯ ಕೋನಾ ಹಾಗಲ್ಲ. ಸಮುದ್ರದ ಈಜು, ತೇಲೋಕೆ ನೆರವಾಗೋ ರಬ್ಬರ್ ಉಡುಪು (ವೆಟ್‌ಸೂಟ್) ಇಲ್ಲ. ಕಪ್ಪು ಲಾವಾ ಬಯಲಿನಲ್ಲಿ ಸೆಕೆ, ಅಡ್ಡಗಾಳಿ. ಇಲ್ಲಿ ಸೈಕಲ್‌ನಲ್ಲಿ ಮುಂದಿದ್ದರೆ ಗೆದ್ದಂತೆ ಅಲ್ಲ. 2024ರಲ್ಲಿ ಸ್ಯಾಮ್ ಲೈಡ್ಲೊ 3:57:22ರ ಸೈಕಲ್ ದಾಖಲೆ ಮಾಡಿ, ಓಟದಲ್ಲಿ ಸೋತು 18ನೆಯವರಾದರು. ಹಿಂದಿದ್ದ ಪ್ಯಾಟ್ರಿಕ್ ಲಾಂಗೆ ಒಬ್ಬೊಬ್ಬರನ್ನೇ ದಾಟಿ 7:35:53ರಲ್ಲಿ ಮುಗಿಸಿ ಗೆದ್ದರು. ಅದು ಅವರ ಮೂರನೇ ಪಟ್ಟ. ಆ ಓಟ ನೋಡ್ತಾ ನನಗೆ ಲೈಡ್ಲೊ ಬಗ್ಗೆ ನಿಜಕ್ಕೂ ಸಂಕಟವಾಯ್ತು.

ನನ್ನ ಆಯ್ಕೆ ಕೋನಾ. ಆದ್ರೆ ನಮ್ಮಲ್ಲಿ ಅದು ರಾತ್ರಿ ಹತ್ತರ ಹೊತ್ತಿಗೆ ಶುರು, ಬೆಳಗಿನವರೆಗೂ ನಿದ್ದೆ ಬಿಡಬೇಕು. ರೋತ್ ಆದ್ರೆ ಜುಲೈನ ಭಾನುವಾರ, ಹಗಲಲ್ಲೇ ಆರಾಮಾಗಿ ನೋಡಬಹುದು. ಮೊದಲ ಸಲ ನೋಡೋರು ಅದರಿಂದಲೇ ಶುರು ಮಾಡಿ.