ಕೊಡಗಿನ 'ಎಲ್ಲ ಸೇರಿ' ಬೇಸಿಗೆ ಪ್ಯಾಕೇಜಿಗೆ ಮುಂಗಡ ಹಾಕುವ ಮುನ್ನ ಇದನ್ನು ಓದಿ

ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಕೊಡಗಿಗೆ ಹೋಗಬೇಕೆಂದಿರುವವರು, ಅದರಲ್ಲೂ ಮೊಬೈಲಿನಲ್ಲಿ ಮೇಲಿಂದ ಮೇಲೆ ಕಾಣಿಸುವ 'ಫ್ಯಾಮಿಲಿ ಸಮ್ಮರ್ ಪ್ಯಾಕೇಜ್, ಎಲ್ಲ ಸೇರಿ' ಎಂಬ ಜಾಹೀರಾತನ್ನು ನೋಡಿ ಮುಂಗಡ ಹಾಕಲು ಹೊರಟಿರುವವರು, ದಯವಿಟ್ಟು ಸ್ವಲ್ಪ ತಾಳಿ. ನಮ್ಮ ಕೈಬಿಟ್ಟ ಹಣ ನಮ್ಮಂಥ ಮನೆಗೆ ಸಣ್ಣದೇನಲ್ಲ. ಹಣ ಹೋದರೆ ಹೋಗಲಿ, ಅತ್ತೆಯವರ ಮತ್ತು ಓರಗಿತ್ತಿಯ ಎದುರು ನಾನು ತಲೆ ತಗ್ಗಿಸಿ ನಿಲ್ಲಬೇಕಾಯಿತಲ್ಲ, ಆ ಸಿಟ್ಟು ಇನ್ನೂ ಇಳಿದಿಲ್ಲ. ಎಲ್ಲರನ್ನೂ ಹೊರಡಿಸಿದವಳು ನಾನೇ ಆಗಿದ್ದೆ.

ದಾವಣಗೆರೆಯ ಮೇ ತಿಂಗಳ ಬಿಸಿಲು ಕಂಡವರಿಗೆ ನಾವು ಬೆಟ್ಟದ ಕಡೆ ಏಕೆ ಹೊರಟೆವು ಎಂದು ಹೇಳಬೇಕಾಗಿಲ್ಲ. ಊಟಿಗೆ ಹೋದರೆ ಖರ್ಚು ಕೈಮೀರುತ್ತದೆ, ಮಡಿಕೇರಿಯಾದರೆ ನಮ್ಮದೇ ರಾಜ್ಯದ ಬಸ್ಸಿನಲ್ಲಿ ಹೋಗಬಹುದು ಎಂಬ ಲೆಕ್ಕ ನಮ್ಮದು. ಜಾಹೀರಾತಿನಲ್ಲಿ ದೊಡ್ಡವರಿಗೆ ತಲೆಗೆ 3,499 ರೂಪಾಯಿ, ನಾಲ್ಕರಿಂದ ಹನ್ನೆರಡು ವರ್ಷದ ಮಕ್ಕಳಿಗೆ 1,999 ರೂಪಾಯಿ ಎಂದಿತ್ತು. ಹೋಂಸ್ಟೇ ವಾಸ, ಮೂರು ಹೊತ್ತಿನ ಊಟ, ತಿರುಗಾಡಲು ಗಾಡಿ, ದುಬಾರೆ ಆನೆ ಶಿಬಿರ, ಬೋಟಿಂಗ್, ರಾಫ್ಟಿಂಗ್, ಅಬ್ಬಿ ಜಲಪಾತ, ಮಾಂದಲ್‌ಪಟ್ಟಿ ಜೀಪ್ ಸಫಾರಿ, ರಾಜಾಸೀಟು, ಕಾವೇರಿ ನಿಸರ್ಗಧಾಮ, ಬೈಲಕುಪ್ಪೆಯ ಗೋಲ್ಡನ್ ಟೆಂಪಲ್, ಕಾಫಿ ತೋಟದಲ್ಲಿ ನಡಿಗೆ, ರಾತ್ರಿ ಕ್ಯಾಂಪ್ ಫೈರ್, ಇಷ್ಟೂ ಸೇರಿದೆ ಎಂದು ಸಾಲಾಗಿ ಬರೆದು ಪ್ರತಿಯೊಂದರ ಮುಂದೆಯೂ ಹಸಿರು ಗುರುತು ಹಾಕಿದ್ದರು. ಎಲ್ಲಕ್ಕಿಂತ ಕೆಳಗೆ 'ಎಲ್ಲ ಕಡೆ ಎಂಟ್ರಿ ಇನ್‌ಕ್ಲೂಡೆಡ್' ಎಂದಿತ್ತು. ಆ ಸಾಲನ್ನು ನೆನಪಿಟ್ಟುಕೊಳ್ಳಿ.

ಫೋನಿನಲ್ಲಿ ಮಾತನಾಡಿದ ವ್ಯಕ್ತಿಯ ವಿನಯವನ್ನು ಏನೆಂದು ಹೇಳಲಿ! 'ಅಕ್ಕಾ, ನೀವು ಮಕ್ಕಳನ್ನ ಕರ್ಕೊಂಡು ಬಂದ್ಬಿಡಿ ಸಾಕು, ಪರ್ಸ್ ತೆಗೆಯೋದೇ ಬೇಡ' ಎಂದ. ಮೊದಲು ಅರ್ಧ ಹಣ ಹಾಕಿಸಿಕೊಂಡ. ಹೊರಡುವ ಹಿಂದಿನ ದಿನ ಮತ್ತೆ ಫೋನ್ ಮಾಡಿ, ರಜೆಯ ರಶ್ ಬಹಳ ಇದೆ, ಉಳಿದದ್ದನ್ನೂ ಈಗಲೇ ಹಾಕದಿದ್ದರೆ ರೂಮು ಬೇರೆಯವರಿಗೆ ಹೋಗಿಬಿಡುತ್ತದೆ, ಆಮೇಲೆ ನನ್ನನ್ನು ಕೇಳಬೇಡಿ ಎಂದು ಅವಸರಪಡಿಸಿದ. ಐದು ಜನ ದೊಡ್ಡವರು, ನಾಲ್ಕು ಮಕ್ಕಳು, ಒಟ್ಟು 25,491 ರೂಪಾಯಿ. ಹಣ ಹೋಗುವವರೆಗೆ ನಾನು ಅವನಿಗೆ ಅಕ್ಕ ಆಗಿದ್ದೆ, ಹೋದ ಮರುಗಳಿಗೆಯಿಂದ ಮೇಡಂ ಆದೆ.

ಕುಶಾಲನಗರದ ಬಸ್ ನಿಲ್ದಾಣಕ್ಕೆ ಬರುತ್ತದೆ ಎಂದಿದ್ದ ಗಾಡಿ ಎರಡು ತಾಸು ತಡವಾಗಿ ಬಂದದ್ದನ್ನೂ, ಅದರಲ್ಲಿ ಆಗಲೇ ಮತ್ತೊಂದು ಸಂಸಾರ ಕುಳಿತಿದ್ದದ್ದನ್ನೂ ನಾನು ದೊಡ್ಡದು ಮಾಡುವುದಿಲ್ಲ. ರಜೆಯಲ್ಲಿ ಅದೆಲ್ಲ ಇದ್ದದ್ದೇ. ತೋಟದ ಮನೆಯೂ ಚೆನ್ನಾಗಿತ್ತು. ಆದರೆ ರಾತ್ರಿ ಎಂಟು ಗಂಟೆಯಾದರೂ ಊಟದ ಸುದ್ದಿಯಿಲ್ಲದೆ, ಚಿಕ್ಕವನು ಹಸಿವೆಂದು ಅಳತೊಡಗಿದಾಗ, ಆ ಮನೆಯ ಹಿರಿಯರನ್ನು ಹೋಗಿ ಕೇಳಿದೆ. ಅವರು ಮುಜುಗರದಿಂದ, 'ನಮಗೆ ರೂಮಿನ ಬಾಡಿಗೆ ಮತ್ತೆ ಬೆಳಗ್ಗಿನ ತಿಂಡಿಗೆ ಮಾತ್ರ ಕೊಟ್ಟಿದ್ದಾರಮ್ಮ, ಊಟದ ಮಾತೇ ಆಡಿಲ್ಲ' ಎಂದರು. ಆ ಹೊತ್ತಿನಲ್ಲಿಯೇ ಅಕ್ಕಿ ರೊಟ್ಟಿ, ಸಾರು ಮಾಡಿಸಿಕೊಟ್ಟು, ಮಕ್ಕಳ ಊಟಕ್ಕೆ ಹಣ ಬೇಡವೆಂದರು. ಇದನ್ನು ಏಕೆ ಬರೆಯುತ್ತಿದ್ದೇನೆಂದರೆ, ನನ್ನ ಸಿಟ್ಟು ಕೊಡಗಿನವರ ಮೇಲಲ್ಲ. ತೋಟದಲ್ಲಿ ಇರುವವರಿಗೂ ನಮಗೂ ನಡುವೆ ಎಲ್ಲೋ ಬೆಂಗಳೂರಿನಲ್ಲಿ ಕುಳಿತು, ಇಬ್ಬರಿಗೂ ಬೇರೆ ಬೇರೆ ಲೆಕ್ಕ ಹೇಳಿ, ನಡುವಿನದ್ದನ್ನು ಜೇಬಿಗಿಳಿಸಿದವನ ಮೇಲೆ.

ಮರುದಿನ ದುಬಾರೆ. ಆನೆಗಳಿಗೆ ಸ್ನಾನ ಮಾಡಿಸುವುದನ್ನು ನೋಡಬೇಕಾದರೆ ಬೆಳಗ್ಗೆ ಬೇಗ ಅಲ್ಲಿರಬೇಕು ಎಂಬುದು ಒಮ್ಮೆ ಹೋಗಿ ಬಂದ ಯಾರಿಗಾದರೂ ಗೊತ್ತು. ನಮ್ಮ ಗಾಡಿ ಬಂದದ್ದೇ ಹತ್ತೂವರೆಗೆ, ನದಿ ತಲುಪುವಾಗ ಬೆಳಗಿನ ಸರದಿ ಮುಗಿದು ಜನ ಹಿಂದಿರುಗುತ್ತಿದ್ದರು. ಆದರೂ ದಡ ದಾಟಿ ಆನೆಗಳನ್ನಾದರೂ ನೋಡೋಣವೆಂದು ಟಿಕೆಟ್ ಕಿಂಡಿಗೆ ಹೋಗಿ, ಗಾಡಿಯ ಚಾಲಕ ಕೊಟ್ಟಿದ್ದ ಕೂಪನ್ ನೀಡಿದೆ. ನುಣುಪಾದ ಹಸಿರು ಕಾಗದ, ಮೇಲೆ ಸೊಂಡಿಲೆತ್ತಿದ ಆನೆಯ ಚಿತ್ರ, ಕೆಳಗೆ ನನ್ನ ಹೆಸರು, ಅದರ ಪಕ್ಕದಲ್ಲಿ ಪೆನ್ನಿನಲ್ಲಿ '9 ಜನ' ಎಂಬ ಬರಹ. ಕಿಂಡಿಯಲ್ಲಿದ್ದ ಹುಡುಗ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಮಡಿಚಿ, ನನ್ನ ಕೈಗೇ ಕೊಟ್ಟ. 'ಇದು ಇಲ್ಲಿಯದಲ್ಲ ಅಕ್ಕಾ. ಇಂಥದ್ದು ಹಿಡ್ಕೊಂಡು ಜನ ಬರ್ತಾನೇ ಇರ್ತಾರೆ' ಎಂದ. ನನ್ನ ಹಿಂದೆ ಸಾಲು ಬೆಳೆದಿತ್ತು. 'ಟಿಕೆಟ್ ತಗೊಳ್ಳೋದಾದ್ರೆ ತಗೊಳ್ಳಿ, ಇಲ್ಲಾಂದ್ರೆ ಪಕ್ಕಕ್ಕೆ ಬನ್ನಿ' ಎಂದು ಯಾರೋ ಗದರಿದರು. ಓರಗಿತ್ತಿ ಏನೂ ಮಾತನಾಡಲಿಲ್ಲ, ತನ್ನ ಪರ್ಸನ್ನು ತೆಗೆದಳು ಅಷ್ಟೆ. ಆ ಕ್ಷಣದ ಅವಮಾನವನ್ನು ನಾನು ಮರೆಯಲಾರೆ. ಪರ್ಸ್ ತೆಗೆಯುವುದೇ ಬೇಡ ಎಂದಿದ್ದನಲ್ಲ, ಅದೇ ಮಾತನ್ನು ನಾನು ದಾವಣಗೆರೆಯಲ್ಲಿ ಇವರೆಲ್ಲರ ಮುಂದೆ ಹೇಳಿದ್ದೆ.

ಅಲ್ಲಿಂದಲೇ ಫೋನ್ ಮಾಡಿದೆ. ಎಂಟ್ರಿ ಸೇರಿದೆ ಎಂದು ಬರೆದಿದ್ದೀರಲ್ಲ, ಇದೇನು ಎಂದು ಕೇಳಿದ್ದಕ್ಕೆ ಅವನು ಕೊಟ್ಟ ಉತ್ತರವನ್ನು ಅಕ್ಷರ ಬಿಡದೆ ಬರೆಯುತ್ತೇನೆ: 'ಮೇಡಂ, ಎಂಟ್ರಿ ಇನ್‌ಕ್ಲೂಡೆಡ್ ಅಂದ್ರೆ ಅಲ್ಲಿವರೆಗೂ ಕರ್ಕೊಂಡು ಹೋಗೋದು ನಮ್ಮದು. ಒಳಗೆ ಹೋಗೋದು ನಿಮ್ಮ ಪರ್ಸನಲ್.' ಒಳಗೆ ಹೋಗುವುದು ನಮ್ಮ ಪರ್ಸನಲ್ ಅಂತೆ! ಇದನ್ನು ಅವನು ನಾಚಿಕೆಯಿಂದಲೋ ತಡವರಿಸುತ್ತಲೋ ಹೇಳಲಿಲ್ಲ, ಬುದ್ಧಿ ಕಡಿಮೆಯಿರುವವರಿಗೆ ಪಾಠ ಹೇಳುವವನಂತೆ ಹೇಳಿದ.

ಇನ್ನು ರಾಫ್ಟಿಂಗ್ ವಿಚಾರ. ದುಬಾರೆಯಲ್ಲಾಗಲಿ, ದಕ್ಷಿಣ ಕೊಡಗಿನ ಬರಪೊಳೆಯಲ್ಲಾಗಲಿ, ರಭಸದ ನೀರಿನ ರಾಫ್ಟಿಂಗ್ ನಡೆಯುವುದು ಮುಂಗಾರು ಹಿಡಿದು ಹೊಳೆ ತುಂಬಿದ ಮೇಲೆ. ಮೇ ತಿಂಗಳಿನಲ್ಲಿ ಕಾವೇರಿಯಲ್ಲಿ ನೀರಿಗಿಂತ ಹೆಚ್ಚು ಬಂಡೆಗಳೇ ಕಾಣುತ್ತಿದ್ದವು. ಅದಕ್ಕಿಂತ ಮುಖ್ಯವಾದದ್ದು, ತುಂಬಿದ ಹೊಳೆಯ ರಾಫ್ಟಿಂಗಿಗೆ ಸಣ್ಣ ಮಕ್ಕಳನ್ನು ಹತ್ತಿಸಿಕೊಳ್ಳುವುದೇ ಇಲ್ಲ. ಎಂದರೆ, ನಾಲ್ಕರಿಂದ ಹನ್ನೆರಡು ವರ್ಷದ ಮಕ್ಕಳಿಗೆಂದು ಹಣ ಪಡೆದು, ಆ ಕಾಲದಲ್ಲಿ ನಡೆಯದ, ನಡೆದರೂ ಆ ಮಕ್ಕಳನ್ನು ಬಿಡದ ಆಟವೊಂದನ್ನು ಪಟ್ಟಿಯಲ್ಲಿ ಸೇರಿಸಿ ಹಸಿರು ಗುರುತು ಹಾಕಿದ್ದರು. ಕೇಳಿದರೆ, 'ಮಳೆ ಬಂದ್ರೆ ಮಾಡಿಸ್ತಿದ್ವಿ ಮೇಡಂ, ನೇಚರ್ ನಮ್ಮ ಕೈಯಲ್ಲಿ ಇಲ್ವಲ್ಲ' ಎಂದ. ಅಬ್ಬಿ ಜಲಪಾತಕ್ಕೂ ಇದೇ ಉತ್ತರ. ಜಾಹೀರಾತಿನ ಚಿತ್ರದಲ್ಲಿ ಆಗಸ್ಟ್ ತಿಂಗಳ ಅಬ್ಬಿ ಭೋರ್ಗರೆಯುತ್ತಿತ್ತು. ನಾವು ಮೆಟ್ಟಿಲಿಳಿದು ನೋಡಿದ್ದು ಬಂಡೆಯ ಮೇಲೆ ಜಾರುತ್ತಿದ್ದ ಒಂದೆರಡು ಎಳೆ ನೀರನ್ನು. ಬೇಸಿಗೆಯಲ್ಲಿ ಜಲಪಾತ ಸೊರಗುವುದು ಸಹಜ, ಅದಕ್ಕೆ ಯಾರನ್ನೂ ದೂರುವಂತಿಲ್ಲ. ಬೇಸಿಗೆಯ ಪ್ಯಾಕೇಜಿಗೆ ಮಳೆಗಾಲದ ಚಿತ್ರ ಹಾಕಿದವನನ್ನು ದೂರಲೇಬೇಕು.

ಮಾಂದಲ್‌ಪಟ್ಟಿಯದು ಬೇರೆಯೇ ಕಥೆ. ಅಲ್ಲಿನ ಹದಗೆಟ್ಟ ಏರುದಾರಿಗೆ ಫೋರ್ ವೀಲ್ ಜೀಪೇ ಬೇಕು, ಬಾಡಿಗೆಯನ್ನು ಜೀಪಿಗೆ ಇಷ್ಟೆಂದು ಕೇಳುತ್ತಾರೆ, ತಲೆಗೆ ಇಷ್ಟೆಂದಲ್ಲ. ಹೋದವರು ಬೆಳಗಿನ ಜಾವ ಹೋಗಿ ಮಂಜು ನೋಡಿಕೊಂಡು ಬರುತ್ತಾರೆ. ನಮ್ಮನ್ನು ನೆತ್ತಿ ಸುಡುವ ಮಧ್ಯಾಹ್ನ ಜೀಪು ಹೊರಡುವ ಜಾಗಕ್ಕೆ ತಂದು ಇಳಿಸಿ, ಬಾಡಿಗೆಯನ್ನು ನೀವೇ ಮಾತನಾಡಿಕೊಳ್ಳಿ ಎಂದು ಚಾಲಕ ಹೇಳಿದ. ಮತ್ತೆ ಫೋನ್, ಮತ್ತೆ ಅದೇ ಧ್ವನಿ: 'ಸಫಾರಿ ಪಾಯಿಂಟ್ ಇನ್‌ಕ್ಲೂಡೆಡ್ ಮೇಡಂ, ಜೀಪ್ ಅಂತ ಎಲ್ಲಿ ಬರೆದಿದೀವಿ?' ನಾನು ಜಾಹೀರಾತಿನ ಚಿತ್ರವನ್ನೇ ಕಳುಹಿಸಿದೆ, ಅದರಲ್ಲಿ ಜೀಪ್ ಸಫಾರಿ ಎಂದೇ ಇದೆ. ನೀಲಿ ಗೆರೆ ಬಿತ್ತು, ಉತ್ತರ ಬರಲಿಲ್ಲ. ಭಾವನವರು, ಸಾಕು ಬಿಡಮ್ಮ, ಇದ್ದಷ್ಟು ನೋಡಿಕೊಂಡು ಹೋಗೋಣ ಎಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹಾಗೆ ಹೇಳಿದ್ದು, ಆದರೆ ಅದು ನನಗೆ ಬೈದದ್ದಕ್ಕಿಂತ ಹೆಚ್ಚು ನಾಟಿತು. ಆ ದಿನ ಮಾಂದಲ್‌ಪಟ್ಟಿ ನೋಡದೆಯೇ ಹಿಂದಿರುಗಿದೆವು.

ಕಾಫಿ ತೋಟದ ನಡಿಗೆ ಎಂದರೆ ಗೇಟಿನಿಂದ ಮನೆಯವರೆಗೆ ನಮ್ಮ ಚೀಲಗಳನ್ನು ನಾವೇ ಹೊತ್ತು ನಡೆದದ್ದು ಎಂದು ಆಮೇಲೆ ತಿಳಿಯಿತು. ಕ್ಯಾಂಪ್ ಫೈರಿಗೆ ಸೌದೆಯ ಹಣ ಬೇರೆ ಎಂದರು. ಬೇಡವೆಂದೆವು.

ನನ್ನನ್ನು ಹೆಚ್ಚು ಕೆರಳಿಸಿದ ಸಂಗತಿಯನ್ನು ಇನ್ನೂ ಹೇಳಿಲ್ಲ. ಪಟ್ಟಿಯಲ್ಲಿ ನಿಜವಾಗಿ 'ಸಿಕ್ಕಿದ' ಜಾಗಗಳಿಗೆ ಇವರ ಅಗತ್ಯವೇ ಇರಲಿಲ್ಲ. ಬೈಲಕುಪ್ಪೆಯ ಗೋಲ್ಡನ್ ಟೆಂಪಲ್‌ಗೆ ಪ್ರವೇಶ ಶುಲ್ಕವೇ ಇಲ್ಲ. ಅದು ಕೊಡಗಿನಲ್ಲಿಯೂ ಇಲ್ಲ, ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿಗೆ ಸೇರಿದ್ದು, ಕುಶಾಲನಗರದಿಂದ ಆಟೊ ಹಿಡಿದರೆ ಸಾಕು. ನಮ್ಮ ಮಕ್ಕಳು ಈ ಪ್ರವಾಸದಲ್ಲಿ ಬಾಯಿಬಿಟ್ಟು ನೋಡಿದ್ದು ಅಲ್ಲಿನ ಬುದ್ಧನ ಚಿನ್ನದ ಬಣ್ಣದ ದೊಡ್ಡ ವಿಗ್ರಹಗಳನ್ನೇ. ನಿಸರ್ಗಧಾಮದ ತೂಗುಸೇತುವೆ, ಬಿದಿರು ಮೆಳೆ, ಜಿಂಕೆಗಳು, ರಾಜಾಸೀಟಿನ ಸೂರ್ಯಾಸ್ತ, ಇವಕ್ಕೆಲ್ಲ ಸಣ್ಣ ಮೊತ್ತದ ಟಿಕೆಟ್, ಅದನ್ನೂ ನಾವೇ ಕೊಟ್ಟೆವು. ಮಡಿಕೇರಿಯ ಕೋಟೆ, 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನ, ಅರಸರ ಗದ್ದಿಗೆ, ಎಲ್ಲವೂ ಊರಿನೊಳಗೇ ಇವೆ. ಪಟ್ಟಿಯಲ್ಲಿ ಇವು ಇರಲೇ ಇಲ್ಲ, ಬಹುಶಃ ಇವುಗಳಿಂದ ಯಾರಿಗೂ ಕಮಿಷನ್ ಹುಟ್ಟುವುದಿಲ್ಲವೇನೋ.

ಕೊನೆಯ ದಿನ ಗಾಡಿಯವನು ಬರಲೇ ಇಲ್ಲ. ಅತ್ತೆಯವರಿಗೆ ತಲಕಾವೇರಿ ನೋಡುವ ಆಸೆಯಿತ್ತು, ಮಡಿಕೇರಿಯಿಂದ ಸರ್ಕಾರಿ ಬಸ್ಸು ಹತ್ತಿದೆವು. ಶಕ್ತಿ ಯೋಜನೆಯಿಂದ ನಾವು ಮೂವರು ಹೆಂಗಸರಿಗೆ ಟಿಕೆಟ್ ಶೂನ್ಯ, ಚಿಕ್ಕವನಿಗೆ ಆರು ತುಂಬಿಲ್ಲವಾದ್ದರಿಂದ ಅವನಿಗೂ ಇಲ್ಲ. ಭಾಗಮಂಡಲದ ಸಂಗಮ ನೋಡಿ, ಅಲ್ಲಿಂದ ಸುಮಾರು ಎಂಟು ಕಿಲೋಮೀಟರ್ ಮೇಲಿರುವ ತಲಕಾವೇರಿಗೆ ಹೋಗಿ ಬಂದೆವು. ತಂಪು ಗಾಳಿಗೆ ಮಕ್ಕಳು ಕುಣಿದಾಡಿದರು. ಆ ದಿನದ ನಮ್ಮ ಖರ್ಚು ಪ್ಯಾಕೇಜಿನಲ್ಲಿ ಒಬ್ಬ ಮಗುವಿಗೆ ಕೊಟ್ಟದ್ದಕ್ಕಿಂತ ಕಡಿಮೆ.

ಊರಿಗೆ ಬಂದು ಹಣ ವಾಪಸು ಕೇಳಿದೆ. ಮೊದಲು 'ಸರ್ವಿಸ್ ಕೊಟ್ಟಾಗಿದೆ' ಎಂದ. ಯಾವ ಸರ್ವಿಸ್ ಎಂದು ಒಂದೊಂದಾಗಿ ಬರೆದು ಕಳುಹಿಸಿದ ಮೇಲೆ, 'ನಮ್ಮ ಟೀಮ್ ನಿಮ್ಮನ್ನು ಸಂಪರ್ಕಿಸುತ್ತದೆ' ಎಂದ. ಟೀಮ್ ಎಂದರೆ ಅದೇ ನಂಬರು, ಅದೇ ಧ್ವನಿ. ಆ ಟೀಮು ನನಗೆ ಕೊಟ್ಟ ಪರಿಹಾರವೇನೆಂದರೆ, ನಾನು ಐದು ಸ್ಟಾರ್ ರಿವ್ಯೂ ಬರೆದರೆ ಮುಂದಿನ ಪ್ರವಾಸದಲ್ಲಿ ತಲೆಗೆ 500 ರೂಪಾಯಿ ರಿಯಾಯಿತಿ! ಮುಂದಿನ ಪ್ರವಾಸ! ಗ್ರಾಹಕರ ವೇದಿಕೆಗೆ ಹೋಗುತ್ತೇನೆ ಎಂದಾಗ, 'ಹೋಗಿ ಮೇಡಂ, ಟರ್ಮ್ಸ್ ಅಂಡ್ ಕಂಡೀಶನ್ಸ್ ಓದ್ಕೊಂಡು ಹೋಗಿ' ಎಂದು ನನ್ನ ನಂಬರನ್ನೇ ಬ್ಲಾಕ್ ಮಾಡಿದ. ನನಗೆ ಯಾವ ಷರತ್ತಿನ ಹಾಳೆಯನ್ನೂ ಯಾರೂ ಕೊಟ್ಟಿರಲಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ, ಜಾಹೀರಾತಿನ ಚಿತ್ರ, ಹಣ ಹಾಕಿದ ದಾಖಲೆ, ಆ ಹಸಿರು ಕೂಪನ್ ಎಲ್ಲವನ್ನೂ ಇಟ್ಟುಕೊಂಡಿದ್ದೇನೆ. ನಿಮ್ಮಲ್ಲಿ ಯಾರಾದರೂ ಇದೇ ರೀತಿ ಸಿಕ್ಕಿಬಿದ್ದಿದ್ದರೆ ನೀವೂ ದೂರು ಕೊಡಿ, ನಾಚಿಕೆಪಟ್ಟು ಸುಮ್ಮನಿರಬೇಡಿ.

ಹೋಗಲೇಬೇಕೆನ್ನುವವರು ನಡುವಿನವರನ್ನು ಬಿಟ್ಟು ತೋಟದ ಮನೆಯವರ ಜೊತೆಗೇ ನೇರವಾಗಿ ಮಾತನಾಡಿ, ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದೆಯೇ ಎಂದು ಕೇಳಿ. ಊಟ ಎಷ್ಟು ಹೊತ್ತು, ಗಾಡಿ ನಮ್ಮದೊಂದೇ ಸಂಸಾರಕ್ಕೋ, ಟಿಕೆಟ್ ಯಾರು ಕೊಳ್ಳುತ್ತಾರೆ, ಇದಿಷ್ಟನ್ನು ಬರಹದಲ್ಲಿ ಪಡೆಯಿರಿ. ಬರೆದುಕೊಡಲು ಒಪ್ಪದವನಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಮೇ ತಿಂಗಳಿಗೆ ರಾಫ್ಟಿಂಗ್ ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ಫೋನ್ ಇಡಿ.

ಮೊನ್ನೆ ಓರಗಿತ್ತಿ ತನ್ನ ಮೊಬೈಲಿಗೆ ಬಂದ ಜಾಹೀರಾತೊಂದನ್ನು ನನಗೆ ಕಳುಹಿಸಿದಳು. ಹೆಸರು ಬೇರೆ, ಫೋನ್ ನಂಬರು ಬೇರೆ, ಅಬ್ಬಿಯ ಚಿತ್ರ ಮಾತ್ರ ಅದೇ, ಹಸಿರು ಗುರುತುಗಳೂ ಅವೇ. ತಲೆಗೆ 3,299 ರೂಪಾಯಿ, ದಸರಾ ರಜೆ ಸ್ಪೆಷಲ್, ಎಲ್ಲ ಕಡೆ ಎಂಟ್ರಿ ಇನ್‌ಕ್ಲೂಡೆಡ್.