ಸಾಲಿನ ತಲೆ ನೋಡಿ ಬಿಡಿಸೋಕೆ ಯಾವುದು ವಾಸಿ: ಹ್ಯಾಸ್ಕೆಲ್, ಎಲಿಕ್ಸರ್, ಎಫ್ ಶಾರ್ಪ್

ಕೆಲಸ ಚಿಕ್ಕದು. ಹಳೆಯ ಟೆಕ್ಸ್ಟ್ ಫೈಲೊಂದರಲ್ಲಿ "ಹೆಸರು:", "ಊರು:", "ಫೋನ್:" ಅಂತ ಶುರುವಾಗುವ ಸಾಲುಗಳಿವೆ. ಸಾಲು ಯಾವುದು ಅಂತ ಗುರುತಿಸಿ, ಮುಂದಿನ ಭಾಗ ಎತ್ತಿಕೊಳ್ಳಬೇಕು. ರೆಜೆಕ್ಸ್ (ಪಠ್ಯದಲ್ಲಿ ನಮೂನೆ ಹುಡುಕುವ ಸಂಕೇತ ಭಾಷೆ) ಮುಟ್ಟದೆ, ಬರೀ ಪ್ಯಾಟರ್ನ್ ಮ್ಯಾಚಿಂಗ್‌ನಲ್ಲೇ (ಡೇಟಾದ ಆಕಾರ ಬರೆದು, ಅದಕ್ಕೆ ಹೊಂದಿದರೆ ಭಾಗಗಳನ್ನು ಬಿಡಿಸಿಕೊಳ್ಳುವುದು) ಮೂರು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಬರೆದು ನೋಡಿದೆ.

ಹ್ಯಾಸ್ಕೆಲ್‌ನಲ್ಲಿ ಸ್ಟ್ರಿಂಗ್ ಅಂದ್ರೆ ಕ್ಯಾರೆಕ್ಟರ್‌ಗಳ ಲಿಸ್ಟ್. ಲಿಸ್ಟಿಗೆ ಬರೆಯುವ ಪ್ಯಾಟರ್ನೇ ಇಲ್ಲೂ ನಡೆಯುತ್ತದೆ:

'ಫ' : 'ೋ' : 'ನ' : '್' : ':' : ಉಳಿದ

ನೋಡೋಕೆ ಮಜಾ, ಬರೆಯೋಕೆ ಹಿಂಸೆ. ಮೆಮೊರಿಯೂ ಜಾಸ್ತಿ. 64 ಬಿಟ್ ಮಷಿನ್‌ನಲ್ಲಿ ಲಿಸ್ಟಿನ ಒಂದೊಂದು ಕೊಂಡಿಗೆ 24 ಬೈಟ್, ಕನ್ನಡದ ಕ್ಯಾರೆಕ್ಟರ್ ಆದರೆ ಮೇಲೆ ಇನ್ನೂ 16. ಇಂಗ್ಲಿಷ್ ಅಕ್ಷರಗಳನ್ನು ಹ್ಯಾಸ್ಕೆಲ್ ಕಂಪೈಲರ್ ಆದ ಜಿಎಚ್‌ಸಿ ಮೊದಲೇ ಮಾಡಿಟ್ಟಿರುತ್ತದೆ, ನಮಗೆ ಆ ಭಾಗ್ಯ ಇಲ್ಲ. ದೊಡ್ಡ ಫೈಲಿಗೆ ಟೆಕ್ಸ್ಟ್ ಲೈಬ್ರರಿಯೇ ಗತಿ. ಆಗ ಈ ಲಿಸ್ಟ್ ಪ್ಯಾಟರ್ನ್ ನಡೆಯಲ್ಲ, ವ್ಯೂ ಪ್ಯಾಟರ್ನ್ (ಮೊದಲು ಫಂಕ್ಷನ್ ಓಡಿಸಿ, ಅದರ ಉತ್ತರವನ್ನು ಮ್ಯಾಚ್ ಮಾಡುವುದು) ಹಾಕಿ, ತಲೆಯ ಭಾಗ ಕಳಚುವ ಸ್ಟ್ರಿಪ್‌ಪ್ರಿಫಿಕ್ಸ್ ಕರೆಯಬೇಕು.

ಎಲಿಕ್ಸರ್‌ನಲ್ಲಿ ಇಷ್ಟೇ:

"ಫೋನ್:" <> ಉಳಿದದ್ದು

ವೇರಿಯಬಲ್ ಹೆಸರು ಕನ್ನಡದಲ್ಲಿದ್ದರೂ ತಕರಾರಿಲ್ಲ. ಒಂದೇ ಕಿರಿಕಿರಿ, ಎಡಗಡೆಯದು ಎಷ್ಟು ಉದ್ದ ಅಂತ ಮೊದಲೇ ಗೊತ್ತಿರಬೇಕು. ಹೆಸರು <> ":" <> ಉಳಿದದ್ದು ಅಂತ ಬರೆದರೆ ಕಂಪೈಲರ್ ಒಪ್ಪಲ್ಲ. ಅಲ್ಲಿ ಸುಮ್ನೆ ಸ್ಪ್ಲಿಟ್ ಬಳಸಿ.

ಎಫ್ ಶಾರ್ಪ್‌ನಲ್ಲಿ ಆಕ್ಟಿವ್ ಪ್ಯಾಟರ್ನ್ (ಪ್ಯಾಟರ್ನ್ ಥರ ಬಳಸಬಹುದಾದ ಫಂಕ್ಷನ್) ನಾವೇ ಬರೆದುಕೊಳ್ಳಬೇಕು. ಒಮ್ಮೆ ಬರೆದರೆ ಮೂರರಲ್ಲಿ ಓದೋಕೆ ಚೆನ್ನಾಗಿರುವುದು ಇದೇ. ಒಳಗೆ ಬೇಕಾದ ಲಾಜಿಕ್ ಅಡಗಿಸಿಡಬಹುದು.

ಆದರೆ ಅಸಲಿ ತಲೆನೋವು "ಫೋ"ದಲ್ಲಿದೆ. ಯೂನಿಕೋಡ್‌ನಲ್ಲಿ ಆ ಓತ್ವ ಒಂದೇ ಕೋಡ್ ಪಾಯಿಂಟ್ (ಅಕ್ಷರಕ್ಕೆ ಕೊಟ್ಟ ಸಂಖ್ಯೆ) ಆಗಿಯೂ ಇರಬಹುದು, ಮೂರು ತುಂಡಾಗಿಯೂ ಇರಬಹುದು. ಕಣ್ಣಿಗೆ ಎರಡೂ ಒಂದೇ. ಹ್ಯಾಸ್ಕೆಲ್, ಎಲಿಕ್ಸರ್ ಎರಡರಲ್ಲೂ ತುಂಡಾಗಿರುವ ಸಾಲು ಮ್ಯಾಚ್ ಆಗಲ್ಲ, ಯಾವುದಕ್ಕೂ ಹೊಂದದ್ದನ್ನೆಲ್ಲ ಹಿಡಿಯುವ ಕೊನೆಯ ಅಂಡರ್‌ಸ್ಕೋರ್ ಸಾಲಿಗೆ ಹೋಗಿ ಬೀಳುತ್ತದೆ. ಎಫ್ ಶಾರ್ಪ್‌ನ ಕತೆ ಇನ್ನೂ ಕೆಟ್ಟದು. ಅದು ಓಡುವುದು ಡಾಟ್ ನೆಟ್ ಮೇಲೆ. ಡಾಟ್ ನೆಟ್‌ನ ಸ್ಟಾರ್ಟ್ಸ್‌ವಿತ್, ನಾವು ಏನೂ ಹೇಳದಿದ್ದರೆ, ಭಾಷೆಯ ನಿಯಮ ನೋಡಿ ಹೋಲಿಸುತ್ತದೆ. ಹಾಗಾಗಿ ಎರಡೂ ಒಂದೇ ಅನ್ನುತ್ತದೆ. ನಾವು ಪ್ರಿಫಿಕ್ಸ್‌ನ ಉದ್ದ 5 ಅಂತ ಅಷ್ಟನ್ನೇ ಕತ್ತರಿಸುತ್ತೇವೆ. ಸಾಲಿನಲ್ಲಿರುವುದು 7. ಒಂಟಿ ಹಲಂತವೂ (್) ಕೋಲನ್ ಚಿಹ್ನೆಯೂ (:) ಫೋನ್ ನಂಬರಿನ ಮುಂದೆ ಉಳಿದುಬಿಡುತ್ತವೆ! ಎರರ್ ಕೂಡ ಬರಲ್ಲ. ಆರ್ಡಿನಲ್ (ಭಾಷೆಯ ನಿಯಮ ಬಿಟ್ಟು ಬರೀ ಸಂಖ್ಯೆ ನೋಡುವುದು) ಅಂತ ಹೇಳಿಯೇ ಹೋಲಿಸಬೇಕು.

ಮದ್ದು ಮೂರಕ್ಕೂ ಒಂದೇ: ಫೈಲ್ ಓದಿದ ಕೂಡಲೇ ಎನ್‌ಎಫ್‌ಸಿಗೆ (ತುಂಡುಗಳನ್ನು ಜೋಡಿಸಿ ಬರೆಯುವ ಯೂನಿಕೋಡ್ ರೂಪ) ನಾರ್ಮಲೈಸ್ ಮಾಡುವುದು. ಎಲಿಕ್ಸರ್, ಡಾಟ್ ನೆಟ್ ಎರಡರಲ್ಲೂ ಅದು ಜೊತೆಗೇ ಬರುತ್ತದೆ. ಹ್ಯಾಸ್ಕೆಲ್‌ಗೆ ಬೇರೆ ಪ್ಯಾಕೇಜ್ ಹಾಕಿಕೊಳ್ಳಬೇಕು. ನಾನು ಈ ಕೆಲಸಕ್ಕೆ ಎಲಿಕ್ಸರ್ ಇಟ್ಟುಕೊಂಡೆ. ಸಾಲುಗಳ ನಮೂನೆ ಹತ್ತಾರು ಇದ್ದಿದ್ದರೆ ಎಫ್ ಶಾರ್ಪ್‌ಗೆ ಹೋಗುತ್ತಿದ್ದೆ.