ಯಜಮಾನರು ಸುವಾರ್ತೆಗೆ ಹೊರಟ ಮೇಲೆ ತೀರ್ಥಹಳ್ಳಿಯ ಗೊಬ್ಬರದಂಗಡಿ

ತೀರ್ಥಹಳ್ಳಿ ಪೇಟೆಯಲ್ಲಿ ಈ ಗೊಬ್ಬರ ಮತ್ತು ಔಷಧಿ ಅಂಗಡಿಯನ್ನು ಕಟ್ಟಿ ಬೆಳೆಸಿದ ಯಜಮಾನರು, ವ್ಯಾಪಾರ ಚೆನ್ನಾಗಿ ನಡೆಯುತ್ತಿದ್ದಾಗಲೇ ಗಲ್ಲಾಪೆಟ್ಟಿಗೆ ಬಿಟ್ಟು ಕ್ರೈಸ್ತ ಸುವಾರ್ತಿಕರಾಗಿ ಹೊರಟಾಗ, ಮಳೆಗಾಲಕ್ಕೆ ಉದ್ರಿ ತಂದು ಅಡಿಕೆ ಮಾರಿದ ಮೇಲೆ ತೀರಿಸುವ ನಮ್ಮಂಥ ಬೆಳೆಗಾರರಿಗೆ ಆತಂಕವಾದದ್ದು ಸಹಜ. ಈಗ ಅಂಗಡಿ ನಡೆಸುತ್ತಿರುವವರು ಅವರ ತಮ್ಮನ ಮಗ.

ಹೊರಡುವ ಮುನ್ನ ಯಜಮಾನರು ಉದ್ರಿ ಪುಸ್ತಕ ಹಿಡಿದು ಗಿರಾಕಿಗಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಲೆಕ್ಕ ಓದಿ ಹೇಳಿದರು; ಹೆಚ್ಚು ಬರೆದುಕೊಂಡದ್ದು ಕಂಡಲ್ಲಿ ಹಣ ಹಿಂದಿರುಗಿಸಿದರು; ಸಗಟು ವ್ಯಾಪಾರಿಗಳ ಬಾಕಿಯನ್ನೂ ಚುಕ್ತಾ ಮಾಡಿದರು. ಅನ್ಯಾಯವಾಗಿ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಕೊಡುತ್ತೇನೆಂದು ಸುಂಕದವನಾದ ಜಕ್ಕಾಯನು ಯೇಸುವಿಗೆ ಹೇಳಿದ ಪ್ರಸಂಗ ಬೈಬಲಿನ ಲೂಕನ ಸುವಾರ್ತೆಯ 19ನೇ ಅಧ್ಯಾಯದಲ್ಲಿದೆ; ಯೇಸು ಕರೆದಾಗ ಸುಂಕದ ಕಟ್ಟೆಯಿಂದ ಎದ್ದುಹೋದ ಶಿಷ್ಯ ಮತ್ತಾಯನಿಗಿಂತ ಇವನನ್ನೇ ಅವರು ಹೆಚ್ಚು ನೆನೆಯುತ್ತಿದ್ದರು. ಷಿಕಾಗೋದಲ್ಲಿ ಬೂಟು ಮಾರುತ್ತಿದ್ದ ಡ್ವೈಟ್ ಮೂಡಿ 1860ರ ಸುಮಾರಿಗೆ ವ್ಯಾಪಾರ ಬಿಟ್ಟು ಹೆಸರಾಂತ ಸುವಾರ್ತಿಕನಾದದ್ದನ್ನು ಭಕ್ತರು ಅಭಿಮಾನದಿಂದ ಹೇಳುತ್ತಾರೆ. ಆದರೆ ಬಿಟ್ಟು ಹೋಗುವವನ ಲೆಕ್ಕ ಯಾರ ತಲೆಯ ಮೇಲೂ ಉಳಿಯದಿರುವುದು ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ನಾನೇ ಒಮ್ಮೆ ಕಾರಣ ಕೇಳಿದ್ದೆ. "ನಷ್ಟ ಆಗಿ ಬಿಟ್ಟಿದ್ದಲ್ಲ ಗೌಡ್ರೇ, ಈ ಕೆಲಸಕ್ಕೆ ಇಡೀ ದಿನ ಬೇಕು ಅನ್ನಿಸ್ತು" ಎಂದರು. ಅಂಗಡಿಯ ಲಾಭದಲ್ಲಿ ಪಾಲು ತೆಗೆದುಕೊಳ್ಳದೆ, ಒಂದು ಮನೆಯ ಬಾಡಿಗೆಯಲ್ಲಿ ಅವರ ಸಂಸಾರ ನಡೆಯುತ್ತದೆ. ಕೊಪ್ಪದ ಕಡೆ ಹೋಗಿ ಬಂದಾಗ ಅಂಗಡಿಯಲ್ಲಿ ಕೂರುತ್ತಾರಾದರೂ, ಕೇಳಿದವರಿಗಷ್ಟೇ ಯೇಸುವಿನ ಮಾತು ಹೇಳುತ್ತಾರೆ. ಔಷಧಿಗೆ ಬಂದವರನ್ನು ನಿಲ್ಲಿಸಿಕೊಂಡು ಬೋಧಿಸಿದ್ದನ್ನು ನಾನು ಕಂಡಿಲ್ಲ.

ಸರಕು ಮೊದಲಿನಂತೆಯೇ ಇದೆ. ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ತಲಾ 1 ಕಿಲೋ ಎಂದಷ್ಟೇ ಹೇಳಿ ಕಳಿಸದೆ, ಹೊಸ ಗಿರಾಕಿಗೆ ಬಕೆಟ್ಟಿನಲ್ಲಿ ಸ್ವಲ್ಪ ಕಲಸಿ, ಉಜ್ಜಿದ ಕಬ್ಬಿಣದ ಚಾಕುವನ್ನು ಅದ್ದಿ ತೋರಿಸುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು. ಇದು ದೊಡ್ಡಪ್ಪ ಕಲಿಸಿಕೊಟ್ಟ ಪದ್ಧತಿ, ಹುಡುಗ ಅದನ್ನು ಬಿಟ್ಟಿಲ್ಲ.

ಭಾನುವಾರ ಮಾತ್ರ ಬಾಗಿಲು ತೆರೆಯುವುದಿಲ್ಲ. ಮಳೆ ಬಿಡುವು ಕೊಟ್ಟ ದಿನವೇ ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರನ್ನು ಹುಡುಕಬೇಕಾದ ನಮ್ಮ ಕಡೆ ಇದು ನಿಜವಾದ ತೊಡಕು, ಆದ್ದರಿಂದ ಶನಿವಾರ ಸಂಜೆಯೊಳಗೆ ಮೈಲುತುತ್ತ ಒಯ್ದಿಟ್ಟುಕೊಳ್ಳುವುದು ಒಳ್ಳೆಯದು. ಉದ್ರಿ ಈಗ ಹಳೆಯ ಗಿರಾಕಿಗಳಿಗೆ ಮಾತ್ರ.